ನನ್ನದೇ ರಿಪೋರ್ಟ್ ಓದಿದ ದಿನ

ಮೊದಲು ಕೆಮ್ಮು ಬಂದದ್ದು ಪಕ್ಕದ ಮನೆಯ ರುಕ್ಸಾನಾಳ ಶುಗರ್ ರಿಪೋರ್ಟ್ ಓದುತ್ತಿದ್ದಾಗ. ಮೈಲೂರಿನ ನಮ್ಮ ಓಣಿಯಲ್ಲಿ ಯಾರಿಗೆ ಆಸ್ಪತ್ರೆಯ ಕಾಗದ ಬಂದರೂ ಅದು ನನ್ನ ಕಟ್ಟೆಗೆ ಬರುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಔರಾದಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವಳು. ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತೇನೆ. ಆ ದಿನ ಎರಡು ಸಾಲು ದಾಟಲಾಗಲಿಲ್ಲ.

“ಟೀಚರ್, ಇದು ನನ್ನ ರಿಪೋರ್ಟ್ ಏನ್ರಿ, ನಿಮ್ದೇನ್ರಿ?” ಅಂದಳು ರುಕ್ಸಾನಾ.

ನಕ್ಕೆ. ನಗು ಕೆಮ್ಮಾಯಿತು. ಕರವಸ್ತ್ರದ ತುಂಬ ಕಫ.

ಬರಬರುತ್ತಾ ಜನ ಕಾಗದ ತರುವುದನ್ನೇ ಬಿಟ್ಟರು. ಕೆಮ್ಮಿಗಿಂತ ಆ ಖಾಲಿ ಕಟ್ಟೆ ಹೆಚ್ಚು ನೋಯಿಸಿತು.

ಎದೆಯ ಡಾಕ್ಟರ್ ತೀರಾ ಚಿಕ್ಕ ವಯಸ್ಸಿನವರು. “ಬ್ಯಾರೆ ಬ್ಯಾನಿ ಏನರ ಅದ ಏನ್ರಿ, ಅಮ್ಮಾ?”

“ನಥಿಂಗ್, ಡಾಕ್ಟರ್.”

ಸುಳ್ಳು.

ನಾಲ್ಕು ವರ್ಷದಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತ ಬೀಳುವ ಭೇದಿ. ಮಾತ್ರೆಯಿಂದ ಹತೋಟಿಯಲ್ಲಿತ್ತು. ಕಾನ್ವೆಂಟಿನಲ್ಲಿ ಹೊಟ್ಟೆ ಕೆಟ್ಟರೆ ನಾವು “ಎಕ್ಸ್‌ಕ್ಯೂಸ್ ಮಿ, ಸಿಸ್ಟರ್” ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದೆವು. ಆ ನಾಚಿಕೆ ಈ ವಯಸ್ಸಿಗೂ ಬಿಟ್ಟಿಲ್ಲ. ಎದೆಗೂ ಕರುಳಿಗೂ ಏನು ಸಂಬಂಧ ಅಂದುಕೊಂಡೆ. ಟಿಬಿ ಪರೀಕ್ಷೆ ಮಾಡಿದರು, ಇರಲಿಲ್ಲ. ಆಂಟಿಬಯೋಟಿಕ್ ಎರಡು ಕೋರ್ಸ್ ಮುಗಿದವು. ಕಫ ನಿಲ್ಲಲಿಲ್ಲ.

ಮೂರನೇ ಸಲ ಭಾಲ್ಕಿಯಿಂದ ನಾದಿನಿ ನಾಗಮ್ಮ ಜೊತೆಗೆ ಬಂದಳು. ಡಾಕ್ಟರದು ಅದೇ ಪ್ರಶ್ನೆ, ನನ್ನದು ಅದೇ ಉತ್ತರ.

“ಯಾತರ ನಥಿಂಗ್ ವೈನಿ? ನನ್ನ ಮಗಳ ಮದಿವ್ಯಾಗ ಅಕ್ಷತಿ ಹಾಕೂದು ಬಿಟ್ಟು ಸಂಡಾಸದಾಗ ಕುಂತೋರು ಯಾರ್ರಿ? ಸಾಹೇಬ್ರ, ಇವರಿಗಿ ರಕ್ತ ಬೀಳ್ತದ್ರಿ!”

ಕುರ್ಚಿಯಲ್ಲೇ ಕರಗಿಹೋದೆ. ಕಾಯಿಲೆಯ ಹೆಸರನ್ನೂ, ಈಗ ಅದು ಮಾತ್ರೆಯಿಂದ ಹತೋಟಿಯಲ್ಲಿದೆ ಎಂಬುದನ್ನೂ ಹೇಳಲೇಬೇಕಾಯಿತು.

ಡಾಕ್ಟರ್ ನಗಲಿಲ್ಲ. “ಮೊದಲೇ ಹೇಳಬೇಕಿತ್ರಿ ಅಮ್ಮಾ. ಆ ಬ್ಯಾನಿ ಇದ್ದೋರಿಗಿ ಒಮ್ಮೊಮ್ಮೆ ಶ್ವಾಸನಾಳಕ್ಕೂ ಬಾವು ಬರ್ತದ್ರಿ. ಹೊಟ್ಟಿ ಸುಮ್ಮನಿದ್ದಾಗೂ.”

ಸಿಟಿ ಸ್ಕ್ಯಾನಿನಲ್ಲಿ ಕಂಡಿತು: ಬ್ರಾಂಕಿಯೆಕ್ಟೇಸಿಸ್. ಶ್ವಾಸನಾಳಗಳು ದಪ್ಪವಾಗಿ, ಅಗಲವಾಗಿದ್ದವು. ಎದೆಯ ಡಾಕ್ಟರ್ ನನ್ನ ಕರುಳಿನ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಸ್ಟಿರಾಯ್ಡ್ ಮಾತ್ರೆ ಕೊಟ್ಟು, ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ ಬಂದರು. ಜೊತೆಗೆ ಇನ್‌ಹೇಲರ್, ಕಫ ಹೊರಗೆ ತರುವ ಉಸಿರಿನ ವ್ಯಾಯಾಮ. ಮುಖ ಊದಿತು. “ಈಗ ನೋಡ್ರಿ, ಮದುಮಗಳಂಗ ಕಾಣ್ತೀರಿ” ಎಂದು ನಾಗಮ್ಮ ಕಾಡಿಸಿದಳು.

ಅಗಲವಾದ ನಾಳ ಮತ್ತೆ ಮೊದಲಿನಂತಾಗುವುದಿಲ್ಲವಂತೆ. ಇರಲಿ. ಕಫ ಈಗ ದಿನಕ್ಕೆ ಒಂದು ಚಮಚೆಯಷ್ಟು ಮಾತ್ರ.

ಹೋದ ವಾರ ಓಣಿಯವರನ್ನೆಲ್ಲ ಕರೆದು, ನನ್ನ ಫೈಲ್ ತೆರೆದು ಕಟ್ಟೆಯ ಮೇಲೆ ಕುಳಿತೆ. ಕರುಳಿನಿಂದ ಶ್ವಾಸನಾಳದವರೆಗೆ ಗಟ್ಟಿಯಾಗಿ ಓದಿದೆ. ಅರ್ಥವನ್ನೂ ಹೇಳಿದೆ. ಸಂಡಾಸದ ಮಾತು ಬಂದಾಗಲೂ ಧ್ವನಿ ತಗ್ಗಿಸಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ರುಕ್ಸಾನಾ ಉಳಿದಳು. ಸೆರಗಿನೊಳಗಿಂದ, ಮಡಿಸಿ ಮಡಿಸಿ ಸವೆದ ಕಾಗದ ತೆಗೆದಳು. ಇದನ್ನು ಅವಳು ಎಂದೂ ತೋರಿಸಿರಲಿಲ್ಲ.

“ಇದನ್ನ ಮಾತ್ರ ಸಣ್ಣ ದನಿಲೇ ಓದ್ರಿ, ಟೀಚರ್.”

ಸಣ್ಣ ದನಿಯಲ್ಲೇ ಓದಿದೆ. ಒಮ್ಮೆಯೂ ಕೆಮ್ಮದೆ, ಕೊನೆಯ ಸಾಲಿನವರೆಗೆ.