ಅಲ್ಲಾಡಬೇಡ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಬಟ್ಟೆಯ ಮೊಲವನ್ನು ಗದರುತ್ತಿದ್ದಾಳೆ: "ಅಲ್ಲಾಡಿದ್ರೆ ನೋಡು, ಮತ್ತೆ ಮೊದಲಿಂದ ಮಾಡ್ಬೇಕಾಗತ್ತೆ!" ಪಕ್ಕದಲ್ಲಿ ಎಂಆರ್‌ಐ ಯಂತ್ರ ನಡೆಸುವವರು ವಿಧೇಯ ಶಿಷ್ಯನಂತೆ ಕೈಕಟ್ಟಿ ನಿಂತಿದ್ದಾರೆ. ಅರ್ಧ ನರೆತ ತಲೆ, ಖಾಲಿ ಜೇಬು. ಯಂತ್ರವೇ ದೊಡ್ಡ ಅಯಸ್ಕಾಂತ, ಕಬ್ಬಿಣದ ಚೂರೂ ಈ ಕೋಣೆಗೆ ಬರುವಂತಿಲ್ಲ. ಮಕ್ಕಳ ಬಾಯಲ್ಲಿ ಇವರು 'ಅಲ್ಲಾಡಬೇಡ ಮಾಮ'.

ಮೊದಲು ಮೊಲದ ಸ್ಕ್ಯಾನ್, ಆಮೇಲೆ ಮಗುವಿನದು. ಹಿಂದೆ ಮೂಳೆ ಮುರಿದವರ ಎಕ್ಸ್-ರೇ ತೆಗೆಯುತ್ತಿದ್ದ ಮಾಮ ಇಲ್ಲಿಗೆ ಬಂದ ಮೇಲೆ ತಾವೇ ಕಂಡುಕೊಂಡ ಉಪಾಯ ಇದು. "ಮಕ್ಕಳಿಗೆ ಹೇಳಿಸ್ಕೊಳ್ಳೋದು ಅಂದ್ರೆ ಆಗಲ್ಲ, ಹೇಳೋದು ಅಂದ್ರೆ ಬಲು ಖುಷಿ. ಮೊಲಕ್ಕೆ ಬೈದ್ಮೇಲೆ ತಾವು ಅಲ್ಲಾಡಕ್ಕೆ ನಾಚಿಕೆ!" ಹೀಗೆ ಎಷ್ಟೋ ಮಕ್ಕಳು ಮಂಪರು ಮದ್ದಿಲ್ಲದೆ ಚಿತ್ರ ತೆಗೆಸಿಕೊಳ್ಳುತ್ತಾರೆ.

ಹುಡುಗಿಯ ಮಂಡಿಯ ಮೇಲೆ ಕ್ಯಾನ್ಸರ್ ಗಡ್ಡೆಯಿದೆ. ಔಷಧಕ್ಕೆ ಮುಂಚಿನ ಚಿತ್ರದ ಪಕ್ಕ ಇಂದಿನದನ್ನಿಟ್ಟು, ಗಡ್ಡೆ ಮುಂದೆ ಹೇಗೆ ನಡೆದುಕೊಂಡೀತು, ಕಾಲು ಉಳಿದೀತೇ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ನೆರವಿಗೆ, ಹಿಂದಿನ ನೂರಾರು ಮಕ್ಕಳ ಚಿತ್ರಗಳಿಂದ ಕಲಿತ ಕಂಪ್ಯೂಟರ್ ಇದೆ. ನಾಳೆಯ ಸುದ್ದಿಯ ಸುಳಿವು ಇಂದಿನ ನೆರಳಿನಲ್ಲೇ ಸಿಗುತ್ತದೆಂದರೆ ಮೈ ಜುಮ್ಮೆನ್ನುತ್ತದೆ. ಆದರೆ ಮಗು ಕದಲಿದರೆ ಗಡ್ಡೆಯ ಅಂಚು ಕಲಸಿಹೋಗುತ್ತದೆ, ಲೆಕ್ಕವೆಲ್ಲ ತಲೆಕೆಳಗು.

ಇಂದು ಕೆಲಸ ಕೆಡಿಸಿದ್ದು ಮಾಮನೇ. ಯಂತ್ರದ ಡಬಡಬ ಸದ್ದಿಗೆ ಹೆದರದಿರಲಿ ಎಂದು ಮೈಕಿನಲ್ಲಿ, "ಮೊಲ ಇಲ್ಲಿ ಗೊರಕೆ ಹೊಡೀತಿದೆ" ಎಂದುಬಿಟ್ಟರು. ಒಳಗೆ ಹುಡುಗಿ ಕಿಲಕಿಲ ನಕ್ಕಳು, ಚಿತ್ರ ಕೆಟ್ಟಿತು.

"ತಪ್ಪು ನಂದೇ ಪುಟ್ಟಿ, ನನ್ನ ಬಾಯಿ ಸುಮ್ನಿರಲ್ಲ. ಇನ್ನೊಂದ್ ಸಲ ಮಲಗ್ತೀಯಾ?" ಅವರ ಮುಖ ಸಪ್ಪಗಾಗಿದೆ. ಮಗು ದಣಿದಿದೆ; ಒಲ್ಲೆ ಎಂದರೆ ಮಂಪರು ಮದ್ದಿಗೆ ಇನ್ನೊಂದು ದಿನ ಬರಬೇಕು, ಕಾಲಿನ ತೀರ್ಮಾನವೂ ಅಲ್ಲಿಯವರೆಗೆ ತೂಗುಯ್ಯಾಲೆ.

"ಸರಿ. ಆದ್ರೆ ನೀನು ಬಾಯಿ ಅಲ್ಲಾಡಿಸ್ಬೇಡ" ಎಂದು ಬೆರಳು ತೋರಿಸಿ ಮಲಗುತ್ತಾಳೆ. ಆಮೇಲೆ ಕದಲುವುದೇ ಇಲ್ಲ. ನೋಯುವ ಕಾಲು, ಕಿವಿಗಡಚಿಕ್ಕುವ ಸದ್ದು, ಅಷ್ಟು ಚಿಕ್ಕ ಜೀವ! ಗಾಜಿನಾಚೆ ಮಾಮ ಮೈಕಿನಿಂದ ದೂರ ಸರಿದು ನಿಲ್ಲುತ್ತಾರೆ.

ಪರದೆಯ ಮೇಲೆ ಚಿತ್ರ ಮೂಡುತ್ತದೆ. ಗಡ್ಡೆ ಕುಗ್ಗಿರುವುದು ಮಾಮನ ಕಣ್ಣಿಗೆ ಬಿದ್ದಿದೆ. ಹೇಳುವಂತಿಲ್ಲ, ಅದು ವೈದ್ಯರು ನೋಡಿ ಹೇಳಬೇಕಾದ ಮಾತು. ಬಾಗಿಲಲ್ಲಿ ತಾಯಿ ಅವರ ಮುಖವನ್ನೇ ನೋಡುತ್ತಾಳೆ. "ಏನ್ ಕಾಣಿಸ್ತು ಅಣ್ಣಾ?"

"ಚಿತ್ರ ಚೆನ್ನಾಗಿ ಬಂದಿದೆಯಮ್ಮಾ."

ತಾಯಿ ಹೋದ ಮೇಲೆ ನಿಟ್ಟುಸಿರು ಬಿಡುತ್ತಾರೆ. "ಮಕ್ಕಳು ಅಲ್ಲಾಡ್ಬಾರ್ದು, ನನ್ನ ಮುಖ ಅಲ್ಲಾಡ್ಬಾರ್ದು. ಕೆಟ್ಟ ಸುದ್ದಿ ಇದ್ದಾಗ್ಲೂ ಇದೇ ಮಾತು, ಇದೇ ಮುಖ. ಮನೇಲಿ ಹೆಂಡತಿ ಕೇಳ್ತಾಳೆ, ಯಾಕ್ರೀ ಕಲ್ಲಿನ ಹಾಗೆ ಕೂತಿದೀರಿ ಅಂತ."

ಮಧ್ಯಾಹ್ನ ಗಾಲಿಕುರ್ಚಿ ಮತ್ತೆ ಬರುತ್ತದೆ. ತಳ್ಳುವ ತಾಯಿಯ ಕಣ್ಣು ಒದ್ದೆ, ಮುಖದ ತುಂಬ ನಗು. ಹುಡುಗಿ ಬಾಗಿಲಿನಿಂದಲೇ ಕೂಗುತ್ತಾಳೆ: "ಮಾಮಾ, ಗಡ್ಡೆ ಚಿಕ್ಕದಾಗಿದೆಯಂತೆ! ಕಾಲು ಉಳಿಸ್ಬಹುದಂತೆ!"

ಮಾಮ ಬಾಯಿ ಮೇಲೆ ಕೈಯಿಡುತ್ತಾರೆ. "ಹೌದೇನೇ! ನಂಗೆ ಗೊತ್ತೇ ಇರ್ಲಿಲ್ವಲ್ಲೇ!"

ಗಾಲಿಕುರ್ಚಿ ಮರೆಯಾದ ಮೇಲೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಇದೊಂದು ಸುಳ್ಳು ದಿನಾ ಹೇಳೋ ಹಾಗಾದ್ರೆ ಸಾಕು, ನಂಗೆ ಬೇರೇನೂ ಬೇಡ."