ಗಿಳಿಯಾದ ರಾಜಕುಮಾರ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಾಯಲೂರಿನ ಕಡೆ ರೇಷ್ಮೆ ಹುಳ ಸಾಕುವ ಮನೆಗಳನ್ನು ನೋಡಿ ಬರುವ ಕೆಲಸದಲ್ಲಿದ್ದೆ. ಮುನಿಯಮ್ಮನವರ ಮನೆಗೆ ಹೋದರೆ ಮೊದಲು ಹುಳದ ಮಾತಲ್ಲ, ನಾನು ತರುವ ವಾರಪತ್ರಿಕೆಯ ಧಾರಾವಾಹಿಯ ಮಾತು. ಅತ್ತೆ ಸೊಸೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿರುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ.

ಕಥೆಯಲ್ಲಿ ಒಬ್ಬ ಮಾಟಗಾತಿ ರಾಜಕುಮಾರನನ್ನು ಗಿಳಿ ಮಾಡಿ ಪಂಜರದಲ್ಲಿಟ್ಟಿದ್ದಳು. ಯಾಕೆ ಅಂತ ಕಥೆಗಾರ ಹೇಳಿರಲಿಲ್ಲ.

"ಅವನ ಮೇಲೆ ಮನಸ್ಸಿತ್ತು, ಅವನು ಒಲ್ಲೆ ಅಂದಿರ್ತಾನೆ," ಅಂದಳು ಸೊಸೆ ರತ್ನ.

"ಥೂ, ಹೆತ್ತ ತಾಯಿ ಕಣೇ ಅವಳು! ಯುದ್ಧಕ್ಕೆ ಹೋಗ್ಬಿಡ್ತಾನೆ ಅಂತ ಗಿಳಿ ಮಾಡಿ ಮಡಿಕೊಂಡವ್ಳೆ," ಅಂದರು ಮುನಿಯಮ್ಮ.

ರತ್ನ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು. ಅವಳ ಗಂಡ ಮಿಲಿಟರಿಯಲ್ಲಿದ್ದ. ಅವನಿಂದ ಕಾಗದ ಬಂದು ತಿಂಗಳುಗಳಾಗಿದ್ದವು.

ಆ ವಾರದ ಕಂತನ್ನು ನಾನು ಬಸ್ಸಿನಲ್ಲೇ ಓದಿಬಿಟ್ಟಿದ್ದೆ. ಬೇರೆ ಏನಾದರೂ ಹೇಳೋಣವೆಂದರೆ ಬಾಯಿ ಬರಲಿಲ್ಲ, ಇದ್ದದ್ದನ್ನೇ ಓದಿದೆ. ಗಿಳಿಯ ರೂಪ ಕಳಚಿಕೊಂಡ ರಾಜಕುಮಾರ ಮಾಟಗಾತಿಯನ್ನು ಕೊಂದು, ಕುದುರೆ ಏರಿ ಯುದ್ಧಕ್ಕೆ ಹೊರಟಿದ್ದ. ಅವಳು ಯಾರೆಂದು ಕೊನೆಗೂ ಬರೆದಿರಲಿಲ್ಲ.

ಮುನಿಯಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದರು. "ವಾನಿಕೇಂ ತೆಲುಸು! ಅವನಿಗೇನು ಗೊತ್ತು? ಬರೆದೋನು ಮಕ್ಕಳನ್ನ ಹೆತ್ತಿಲ್ಲ," ಅಂದರು.

ಸಂಕ್ರಾಂತಿಗೆ ಮಗ ರಜದ ಮೇಲೆ ಬಂದು ಹೋದ. ಅದಾದ ಮೇಲೆ ನಾನು ಹೋದಾಗ ಮುನಿಯಮ್ಮ, "ಕಥೆ ಬೇಡಮ್ಮಾ, ಅಡುಗೆ ಪುಟ ಓದು," ಅಂದರು. ಅದರಲ್ಲಿ ಮಸ್ಸೊಪ್ಪಿನ ಸಾರಿಗೆ ಸಕ್ಕರೆ ಹಾಕಿ ಅಂತಿತ್ತು.

"ಇದನ್ನೂ ಆ ಕಥೆ ಬರೆದೋನೇ ಬರೆದಿರಬೇಕು," ಅಂದರು.