ಲಸಿಕೆ ಪೆಟ್ಟಿಗೆಯ ಮೇಲಿನ ಬೇವು

ಆ ಪೆಟ್ಟಿಗೆಯ ಮೇಲೆ ಬೇವಿನ ಎಸಳು ನಿಜವಾಗಿ ಇತ್ತೋ, ಆಮೇಲೆ ನನ್ನ ನೆನಪೇ ತಂದಿಟ್ಟಿತೋ, ಖಾತ್ರಿಯಿಲ್ಲ. ಇತ್ತು ಅನ್ನುತ್ತಾಳೆ ಹೆಂಡತಿ. ಆದರೆ ಅವಳು ಅಲ್ಲಿರಲಿಲ್ಲ, ಅವಳಿಗೆ ಹೇಳಿದವನು ನಾನೇ.

ಅವಳಿಗಾಗ ಎಂಟು ತಿಂಗಳು. ಬಾಣಂತನಕ್ಕೆಂದು ಅತ್ತೆ ಬಾಗಲಕೋಟೆಯಿಂದ ಕಡಲಾಚೆಯ ಬೆಡೋಕ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಹೆರಿಗೆಗೆ ಮುಂಚೆ ತೊಟ್ಟಿಲು, ಕುಲಾವಿ ಏನನ್ನೂ ತರಕೂಡದು ಎಂದು ಅವರ ಕಟ್ಟಪ್ಪಣೆ. ನನಗೆ ನಗು. ಇನ್ನೂ ಬಾರದ್ದಕ್ಕೆ ಸಿದ್ಧವಾಗುವುದೇ ನನ್ನ ಉದ್ಯೋಗ. ತುರ್ತು ಲಸಿಕೆಗಳನ್ನಿಡುವ ಶೀತಲ ಉಗ್ರಾಣದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಸಿಡುಬು ಲೋಕದಿಂದಲೇ ಹೋಗಿದೆ, ಆದರೂ ಯಾರಾದರೂ ಬೇಕೆಂದೇ ಹರಡಿದರೆ ಇರಲಿ ಅಂತ ಲಸಿಕೆ ಇಟ್ಟಿರುತ್ತಾರೆ ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಅವರ ಅಕ್ಕ ತೀರಿಕೊಂಡದ್ದು ಅದೇ ಬೇನೆಯಲ್ಲಿ. ಅವರು ಅದರ ಹೆಸರೆತ್ತುವುದಿಲ್ಲ, ಅಮ್ಮ ಅನ್ನುತ್ತಾರೆ.

"ಅಳಿಯಾರ, ತಯಾರಿ ಮಾಡಿ ಇಟ್ರ ಅಮ್ಮನ್ನ ಕರದಂಗ ಆಗ್ತದ."

ಮಗಳನ್ನು ಊರಿಗೆ ಕರೆದೊಯ್ಯುತ್ತೇನೆಂದು ಆ ಸಂಜೆಯೇ ಬ್ಯಾಗು ಕೆಳಗಿಳಿಸಿದರು. ಈ ಸ್ಥಿತಿಯಲ್ಲಿ ವಿಮಾನ ಹತ್ತಲೇ ಎಂದು ಹೆಂಡತಿ ಅತ್ತಳು.

ಅದೇ ವಾರ ನಮ್ಮ ಬ್ಲಾಕಿನ ಕೆಳಗೆ, ಬರೀ ಕಂಬಗಳಿರುವ ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನಲ್ಲಿ, ಲಸಿಕೆ ಹಾಕುವ ತಾಲೀಮು ನಡೆಯಿತು. ಅತ್ತೆಯನ್ನೂ ಕರೆದೊಯ್ದೆ. ಕಂಬಗಳ ನಡುವೆ ಬೆಳಗಿನ ಬೆಳಕು ತೆಳು ಹಾಲಿನಂತೆ ನಿಂತಿತ್ತು. ಇಲ್ಲದ ಬೇನೆಗೆ ಅಂಗಿಯ ತೋಳು ಮಡಚಿಕೊಂಡು ಜನ ನಿದ್ದೆಯಲ್ಲಿ ನಡೆಯುವವರಂತೆ ಸರಿಯುತ್ತಿದ್ದರು. ಸದ್ದು ಇದ್ದಿರಲೇಬೇಕು, ನನಗೆ ಒಂದೂ ನೆನಪಿಲ್ಲ. ಅತ್ತೆ ಚಿಕ್ಕಂದಿನಲ್ಲಿ ಸಿಡುಬಿಗೆಂದು ತಮ್ಮ ತೋಳಿಗೆ ಹಾಕಿದ್ದ ದಾಕಿನ ಗುಂಡು ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಶೀಶೆಯಲ್ಲಿ ಏನಿದೆ ಕೇಳಿ ಅಂದರು. ಕೇಳಿದೆ.

"ಸಲೈನ್ ಓನ್ಲಿ ಲಾ, ಆಂಟಿ," ಅಂದಳು ನರ್ಸ್.

ಉಪ್ಪುನೀರು ಅಷ್ಟೇ ಎಂದು ತಿಳಿಸಿ ಹೇಳಿದೆ. ಅತ್ತೆ ಸಾಲನ್ನೇ ನೋಡುತ್ತ ನಿಂತರು.

"ಬರೇ ಉಪ್ಪುನೀರಾದ್ರ ಕರದಂಗಲ್ಲ ಬಿಡ್ರಿ. ಬಾಗಲದ ಅಗಳಿ ಬೀಳ್ತದೋ ಇಲ್ಲೋ ನೋಡಿದಂಗ."

ಆಮೇಲೆ ಅವರು ಹೊರಗೆ ಹೋಗಿ, ಮುಷ್ಟಿಯಲ್ಲಿ ಹಸಿರೇನೋ ಹಿಡಿದು ಬಂದು, ಶೀಶೆಗಳಿದ್ದ ನೀಲಿ ಲಸಿಕೆ ಪೆಟ್ಟಿಗೆಯ ಮೇಲಿಟ್ಟರು. ಅಥವಾ ನನಗೆ ಹಾಗೆ ಕಾಣುತ್ತದೆ. ಬ್ಯಾಗು ಮತ್ತೆ ಕಪಾಟಿನ ಮೇಲೇರಿತು. ನಮ್ಮ ಮಗಳು ಇಲ್ಲೇ ಹುಟ್ಟಿದಳು. ತೊಟ್ಟಿಲು ಮಾತ್ರ ಅವಳು ಹುಟ್ಟಿದ ಮೇಲೆಯೇ ಬಂತು.

ಹೆಂಡತಿಯನ್ನು ಕೇಳಿ ಪ್ರಯೋಜನವಿಲ್ಲ. ಅತ್ತೆ ಫೋನಿನಲ್ಲಿ ನಕ್ಕು ಮಾತು ತೇಲಿಸುತ್ತಾರೆ. ಮೊನ್ನೆ ನಾನೇ ಕೆಳಗಿಳಿದು ಹೋದೆ. ವಾಯ್ಡ್ ಡೆಕ್‌ನ ಪಕ್ಕ, ಚರಂಡಿಯಾಚೆ, ನಾನೆಂದೂ ತಲೆಯೆತ್ತಿ ನೋಡದ ಮರವೊಂದಿದೆ. ಬಿದ್ದಿದ್ದ ಎಲೆಯೊಂದನ್ನು ಒರೆಸಿ ಬಾಯಿಗಿಟ್ಟೆ.

ಬೇವೇ.